ಇಲ್ಲದ ಡಾಕ್ಟರು

ಇದ್ದ ಡಾಕ್ಟರನ್ನು ನಾನು ಇಲ್ಲ ಎಂದೆ. ನನ್ನ ತಪ್ಪು ಇಷ್ಟೇ, ಒಂದು ವಾಕ್ಯದ್ದು. ಹೇಳುವಾಗ ನಗುತ್ತಿದ್ದೆ, ಕೇಳಿದವರೂ ನಕ್ಕರು. ಆಮೇಲೆ ಒಬ್ಬರ ಕಾಲು ಹೋಯಿತು. ನನ್ನದಲ್ಲ.

ನಾನು ಮಂಗ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುವ ಅಗತ್ಯವಿಲ್ಲ. ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಬಸ್ಸು ಹತ್ತಿದವರಿಗೆಲ್ಲ ಅದು ಗೊತ್ತಿದ್ದ ವಿಷಯ. ಗೊತ್ತಿಲ್ಲದ್ದು ಇನ್ನೊಂದು. ಅದನ್ನು ಹೇಳಬೇಕಾಗಿದೆ.

ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತ ಕೈಕೊಟ್ಟಿತು. ಲೆಕ್ಕ ಬಾರದವನಿಗೆ ಲೆಕ್ಕದ ಕೆಲಸವೇ ಸಿಗುವುದು ನಮ್ಮ ಜಿಲ್ಲೆಯ ಕ್ರಮವಿರಬೇಕು. ನಾನು ಬಸ್ಸಿನ ಕಂಡಕ್ಟರನಾದೆ. ಬೆಳಗ್ಗೆ ಬಂಟ್ವಾಳದಿಂದ ಹೊರಟು ಪುಂಜಾಲಕಟ್ಟೆ, ಗುರುವಾಯನಕೆರೆ ದಾಟಿ ಬೆಳ್ತಂಗಡಿ. ಅಲ್ಲಿಂದ ಹಿಂದೆ ಬಂದು ವೇಣೂರಿನ ದಾರಿಯಾಗಿ ಮೂಡುಬಿದಿರೆ. ಸಂಜೆ ಸಿದ್ದಕಟ್ಟೆಯ ಮೇಲೆ ಮತ್ತೆ ಬಂಟ್ವಾಳ. ಹೊಸ ಪೈಸೆ ಬಂದ ಹೊಸತು. ಅಜ್ಜಿಯಂದಿರು ಆಣೆಯಲ್ಲಿ ಕೇಳಿ, ಪೈಸೆಯಲ್ಲಿ ಕೊಟ್ಟು, ಎರಡರಲ್ಲೂ ನನ್ನನ್ನು ಬೈಯುತ್ತಿದ್ದರು. ಅವರು ಇಳಿದು ಹೋದ ಕೂಡಲೇ ಅದೇ ಅಜ್ಜಿಯಾಗಿ ನಾನು ನನ್ನನ್ನೇ ಬೈಯುತ್ತಿದ್ದೆ. ಪುಸ್ತಕದ ಕನ್ನಡ ಮಾತಾಡುವ ಶ್ಯಾನುಭೋಗರು, ಏರು ಹತ್ತುವಾಗ ಕೆಮ್ಮುವ ನಮ್ಮ ಇಂಜಿನು, ಟಿಕೆಟು ಹರಿಯುವಾಗ ನಾಲಗೆ ಹೊರಗೆ ಹಾಕುವ ಶೀನ ಎಂಬ ಕಂಡಕ್ಟರ್, ಅಂದರೆ ನಾನು — ಯಾರನ್ನೂ ಅಣಕಿಸದೆ ಬಿಡಲಿಲ್ಲ. ಬಸ್ಸಿನಲ್ಲಿ ಎಲ್ಲರದ್ದೂ ತುಳು. ಓದಿಕೊಳ್ಳುವವರಿಗಾಗಿ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಬಸ್ಸಿನ ಡ್ರೈವರು ದೇರಣ್ಣ. ತೋಡಾರಿನವರು, ನಲವತ್ತು ದಾಟಿದವರು, ನನ್ನನ್ನು ತಮ್ಮನ ಹಾಗೆ ನೋಡಿಕೊಂಡವರು. ನಾನು ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದುದೂ ಅವರನ್ನೇ. ಹತ್ತಿರದವರನ್ನು ನೋಡಿ ನೋಡಿ ಬರುವುದಲ್ಲವೇ ಈ ವಿದ್ಯೆ — ಅವರ ಬೆನ್ನ ಹಿಂದೆ ನಿಂತೇ ನನಗೆ ಮೂರು ಮಳೆಗಾಲ ಕಳೆದಿತ್ತು.

ದೇರಣ್ಣನ ಬಾಯಲ್ಲಿ ಸದಾ ಹೊಗೆಸೊಪ್ಪಿನ ಕವಳ. ಎಡಗೆನ್ನೆ ಉಬ್ಬಿಸಿ, ಮುಂದಿನ ಒಂದು ಹಲ್ಲನ್ನು ನಾಲಗೆಯಿಂದ ತಳ್ಳುವುದು ಅವರ ಅಭ್ಯಾಸ. ತಳ್ಳಿದರೆ ಆ ಹಲ್ಲು ಗದ್ದೆಯ ಬೇಲಿಯ ಗೂಟದ ಹಾಗೆ ಅಲ್ಲಾಡುತ್ತಿತ್ತು. ಯಾರೊಡನೆಯಾದರೂ ಮಾತಾಡುವಾಗ ಮುಖ ತಿರುಗಿಸಿ ಮಾತಾಡುತ್ತಿದ್ದರು, ಬಾಯಿಯ ವಾಸನೆ ಅವರಿಗೇ ಗೊತ್ತಿತ್ತು ಪಾಪ. ಬೆಳಗ್ಗೆ ಹಲ್ಲುಜ್ಜಿ ಎಸೆದ ಮಾವಿನೆಲೆ ಕೆಂಪಗಿರುತ್ತಿತ್ತು. ವಸಡು ಊದಿ, ಒತ್ತಿದರೆ ಕೀವು. ಸೀಟಿನ ಕೆಳಗೆ ಮೂರು ಸೋಡಾ ಬಾಟಲಿಗಳಲ್ಲಿ ನೀರು; ಸ್ಟಾಪು ಬಂದಲ್ಲೆಲ್ಲ ಕುಡಿಯುವುದು, ಸ್ಟಾಪು ಬಂದಲ್ಲೆಲ್ಲ ಮರದ ಮರೆಗೆ ಓಡುವುದು. ಗುರುವಾಯನಕೆರೆಯ ಗೇರುಮರದ ಬುಡದಲ್ಲಿ ಅವರು ಹೋಗಿ ಬಂದ ಜಾಗಕ್ಕೆ ಇರುವೆ ಸಾಲುಗಟ್ಟುತ್ತಿತ್ತು. ಇಬ್ಬರ ಊಟ ಒಬ್ಬರೇ ಉಣ್ಣುತ್ತಿದ್ದರು. ಆದರೂ ಖಾಕಿ ಅಂಗಿ ದಿನದಿನಕ್ಕೆ ಸಡಿಲ.

ಇದೆಲ್ಲ ನನ್ನ ಆಟದಲ್ಲಿತ್ತು. ಇರುವೆಯೂ ಇತ್ತು. ನೋಡಿ — ಒಬ್ಬ ಮನುಷ್ಯನ ದೇಹ ಕೂಗಿ ಹೇಳುತ್ತಿದ್ದುದನ್ನೆಲ್ಲ ಅಕ್ಷರ ಬಿಡದೆ ಕೇಳಿಸಿಕೊಂಡವನು ಮೂರು ತಾಲೂಕಿನಲ್ಲಿ ನಾನೊಬ್ಬನೇ. ಕೇಳಿಸಿಕೊಂಡು ಮಾಡಿದ್ದೇನು? ನಗಿಸಿದೆ.

ಗುರುವಾಯನಕೆರೆಯ ಹೋಟೆಲಿನಲ್ಲಿ ಒಂದು ಮಧ್ಯಾಹ್ನ ದೇರಣ್ಣ ಮುಖ ತೊಳೆಯಲು ಕೆರೆಯ ಕಡೆ ಹೋದರು. ಜನ ಕೇಳಿದರು, ನಾನು ಶುರು ಮಾಡಿದೆ. ಉಬ್ಬಿದ ಕೆನ್ನೆ, ಅಲ್ಲಾಡುವ ಹಲ್ಲು, ತಿರುಗಿಸಿದ ಮುಖ, ಬಾಟಲಿ, ಮರ, ಇರುವೆ. ಚಾ ಮಾಡುವವನು ನಕ್ಕು ನಕ್ಕು ಸೌಟು ಬೀಳಿಸಿದ. ಮೂಲೆಯ ಮೇಜಿನಲ್ಲಿ ಕೋಟು ಹಾಕಿದ ಒಬ್ಬರು ಮಾತ್ರ ನಗಲಿಲ್ಲ. ಅವರ ಕಾರಿನ ಟಯರನ್ನು ಹೊರಗೆ ಬಿಚ್ಚಿಟ್ಟಿದ್ದರು. ಆಟ ಮುಗಿದ ಮೇಲೆ ನನ್ನನ್ನು ಹತ್ತಿರ ಕರೆದರು. ತಾವು ಡಾಕ್ಟರು ಎಂದರು. ನೀನು ಈಗ ತೋರಿಸಿದ ಮನುಷ್ಯ ನಿಜವಾಗಿ ಇದ್ದಾನೆಯೇ ಎಂದು ಕೇಳಿದರು.

ನನಗೆ ಹೆದರಿಕೆಯಾಯಿತು. ದೇರಣ್ಣ ಕೆರೆಯ ಕಡೆಯಿಂದ ಬರುತ್ತಿರುವುದು ದೂರದಲ್ಲಿ ಕಾಣುತ್ತಿತ್ತು. ನಮ್ಮ ಮಾವ ಒಬ್ಬರು ಎಂದೆ. ಮೊದಲ ಸುಳ್ಳು ಅದು, ಸಣ್ಣದು.

ಅವರು ಒಂದೊಂದಾಗಿ ಕೇಳಿದರು: ಇರುವೆ ನೀನು ಸೇರಿಸಿದ್ದೋ, ಇದ್ದದ್ದೋ? ಬಾಯಾರಿಕೆ ಎಷ್ಟು ಸಮಯದಿಂದ? ಅವರ ತಂದೆತಾಯಿಗೆ ಇಂಥದ್ದೇನಾದರೂ ಇತ್ತೇ? ನನಗೆ ಗೊತ್ತಿತ್ತು. ದೇರಣ್ಣನ ತಾಯಿ ಕಾಲಿನ ಹುಣ್ಣು ಮಾಗದೆ ತೀರಿಕೊಂಡದ್ದನ್ನು ಅವರೇ ಹೇಳಿದ್ದರು. ಡಾಕ್ಟರು ಕನ್ನಡಕ ತೆಗೆದು ಕೋಟಿನ ತುದಿಯಿಂದ ಒರೆಸಿದರು. ಮೂಗಿನಿಂದ ಬರುವ, ಎಳೆದು ಎಳೆದು ಆಡುವ ಸ್ವರ ಅವರದ್ದು.

"ನೋಡಪ್ಪಾ. ಕಾಣದವರ ರೋಗ ಹೇಳಬಾರದು. ವಸಡಿನಲ್ಲಿ ರಕ್ತ ಬಂದವರಿಗೆಲ್ಲ ಸಕ್ಕರೆ ಕಾಯಿಲೆ ಅಂತಲೂ ಇಲ್ಲ. ಆದರೆ ಇಷ್ಟೆಲ್ಲ ಒಬ್ಬನಲ್ಲೇ ಸೇರಿದರೆ ಮೂತ್ರ ಪರೀಕ್ಷೆ ಮಾಡಿಸದೆ ಇರಬಾರದು. ಸಕ್ಕರೆ ಏರಿದರೆ ವಸಡು ಕೊಳೆಯುತ್ತದೆ, ಕೊಳೆತ ವಸಡು ಸಕ್ಕರೆಯನ್ನು ಇಳಿಯಗೊಡುವುದಿಲ್ಲ. ಒಂದರ ಬಾಲ ಇನ್ನೊಂದರ ಬಾಯಲ್ಲಿ. ತಾಯಿಯಿಂದ ಬಂದದ್ದನ್ನು ಅವರು ಬಿಡಲಿಕ್ಕಾಗುವುದಿಲ್ಲ; ಹೊಗೆಸೊಪ್ಪನ್ನು ಬಿಡಬಹುದಲ್ಲ? ಹೋಗಿ ಹೇಳು."

ನಾನು ತಲೆಯಲ್ಲಾಡಿಸಿದೆ. ಒಂದು ಮಾತೂ ಬಿಡದೆ ನೆನಪಿಟ್ಟುಕೊಂಡೆ. ಯಾಕೆ ನೆನಪಿಟ್ಟುಕೊಂಡೆ ಎಂಬುದರಲ್ಲೇ ನನ್ನ ಮರ್ಯಾದೆ ಹೋಗುವುದು — ಅವರು ಏನು ಹೇಳುತ್ತಾರೆ ಎಂದು ನಾನು ಕೇಳುತ್ತಿರಲಿಲ್ಲ. ಹೇಗೆ ಹೇಳುತ್ತಾರೆ ಎಂದು ಕೇಳುತ್ತಿದ್ದೆ. ಆ ಮೂಗು. ಆ ಕನ್ನಡಕ. ಆ "ನೋಡಪ್ಪಾ".

ವೇಣೂರು ದಾಟುವ ಹೊತ್ತಿಗೆ ಡಾಕ್ಟರು ನನ್ನೊಳಗೆ ತಯಾರಾಗಿದ್ದರು. ಹೇಳಬೇಕಾದದ್ದನ್ನು ಹೇಳಿಯೂ ಆಗಲಿ, ನಗಿಸಿಯೂ ಆಗಲಿ ಎಂದುಕೊಂಡೆನೋ ಏನೋ. ತುಂಬಿದ ಬಸ್ಸಿನ ನಡುವೆ ನಿಂತು, ಇಲ್ಲದ ಕನ್ನಡಕವನ್ನು ಟಿಕೆಟು ಚೀಲದ ತುದಿಯಿಂದ ಒರೆಸಿ, ದೇರಣ್ಣನ ಬೆನ್ನಿಗೆ ಮುಖ ಮಾಡಿ ಇಡೀ ಉಪದೇಶವನ್ನು ಒಪ್ಪಿಸಿದೆ. ಬಸ್ಸು ಬಿದ್ದು ಬಿದ್ದು ನಕ್ಕಿತು. ಹಿಂದಿನ ಸೀಟಿನ ಬೆಳುವಾಯಿಯ ಹೆಂಗಸೊಬ್ಬಳು, ದೇರಣ್ಣನ ಮೂತ್ರಕ್ಕೂ ಒಂದು ಟಿಕೆಟು ಹರಿ ಮಾರಾಯ, ಅದೂ ನಮ್ಮ ಜೊತೆ ಮೂಡುಬಿದಿರೆಗೆ ಬರುವುದಲ್ಲವಾ ಎಂದಳು. ದೇರಣ್ಣನ ಭುಜವೂ ಕುಲುಕುತ್ತಿತ್ತು. ಸ್ಟೀರಿಂಗ್ ಹಿಡಿದವರ ಮುಖ ಹಿಂದಿನವರಿಗೆ ಕಾಣುವುದಿಲ್ಲ. ಭುಜ ಕುಲುಕಿದರೆ ನಗು ಎಂದೇ ಲೆಕ್ಕ.

ಮುಖ ಕಂಡದ್ದು ಆ ವಾರವೇ, ಬಂಟ್ವಾಳದ ಹೊಳೆಬದಿಯಲ್ಲಿ. ದಿನದ ಕೊನೆಯ ಟ್ರಿಪ್ಪು ಮುಗಿಸಿ ನಾವಿಬ್ಬರೇ ನೇತ್ರಾವತಿಯ ನೀರಿನಲ್ಲಿ ಬಸ್ಸು ತೊಳೆಯುತ್ತಿದ್ದೆವು. ಅವರು ಚಕ್ರ ಉಜ್ಜುವುದನ್ನು ನಿಲ್ಲಿಸಿದರು. ಯಾವಾಗಲೂ ಮುಖ ತಿರುಗಿಸಿ ಮಾತಾಡುವವರು ಆವತ್ತು ತಿರುಗಿಸಲಿಲ್ಲ.

"ಶೀನ, ನಿನ್ನ ಆ ಡಾಕ್ಟ್ರು — ಅವರು ಇದ್ದಾರಾ, ನೀನು ಕಟ್ಟಿದ್ದಾ? ಅಮ್ಮನ ಕಾಲು ನನಗೆ ನೆನಪುಂಟು. ಇದ್ದರೆ ಹೇಳು, ನಾಳೆ ರಜೆ ಹಾಕಿ ಹೋಗ್ತೇನೆ."

ಇಷ್ಟು ಸಲೀಸಾಗಿ ಯಾರೂ ಯಾರಿಗೂ ದಾರಿ ಬಿಟ್ಟುಕೊಟ್ಟಿರಲಿಕ್ಕಿಲ್ಲ. ಹೌದು ಎಂದರೆ ಮುಗಿಯುತ್ತಿತ್ತು. ಆದರೆ ಹೌದು ಎಂದರೆ, ಆ ಡಾಕ್ಟರಿಗೆ ಇದೆಲ್ಲ ಹೇಗೆ ಗೊತ್ತಾಯಿತು ಎಂದು ಕೇಳುತ್ತಿದ್ದರು. ನೀವು ಮುಖ ತೊಳೆಯಲು ಹೋದಾಗ ನಿಮ್ಮ ಬಾಯಿ, ನಿಮ್ಮ ಬಾಟಲಿ, ನಿಮ್ಮ ಇರುವೆ — ಎಲ್ಲವನ್ನೂ ಹೋಟೆಲಿನ ಬೆಂಚಿನ ಮೇಲೆ ಹರಡಿದ್ದೆ ಎನ್ನಬೇಕಿತ್ತು. ಇದು ಒಂದು. ಇನ್ನೊಂದು ಇದಕ್ಕಿಂತ ಹೊಲಸು. ಮೂರು ದಿನಗಳಿಂದ ಬಸ್ಸಿನವರೆಲ್ಲ ಹೇಳುತ್ತಿದ್ದರು: ಇಷ್ಟು ದಿನ ಶೀನ ಇದ್ದವರನ್ನು ಮಾಡುತ್ತಿದ್ದ, ಈಗ ಇಲ್ಲದವರನ್ನೂ ಹುಟ್ಟಿಸುತ್ತಾನೆ, ಎಂಥ ತಲೆ ಮಾರಾಯ. ಆ ಹೊಗಳಿಕೆ ನನಗೆ ಬೇಕಿತ್ತು. ಕೋತಿಗೂ ಒಮ್ಮೆ ತಾನು ಬ್ರಹ್ಮನಾಗಬೇಕೆಂದು ಆಸೆ —

"ಇಲ್ಲ ದೇರಣ್ಣ, ನಾನೇ ಕಟ್ಟಿದ್ದು," ಎಂದೆ.

ಅವರು ನಕ್ಕರು. ಆ ನಗು ನನಗೆ ಈಗಲೂ ಬರುತ್ತದೆ — ಮಾಡಿ ತೋರಿಸಬಲ್ಲೆ, ಮಾಡುವುದಿಲ್ಲ. ಗೊಳ್ಳೆಂದು ನಕ್ಕದ್ದಲ್ಲ, ಎದೆಯ ಮೇಲಿನ ಮೂಟೆ ಇಳಿಸಿದವನ ನಗು. ನನ್ನ ಬೆನ್ನಿಗೆ ಒದ್ದೆ ಕೈಯಿಂದ ಹೊಡೆದು, ಸೊಂಟದ ಚೀಲ ಬಿಚ್ಚಿ, ಹೊಸ ಕವಳ ಹಾಕಿಕೊಂಡರು.

ಅಷ್ಟಕ್ಕೇ ನಿಂತಿದ್ದರೆ — ಇಲ್ಲ, ನಿಲ್ಲಲಿಲ್ಲ. ಕೆಲವು ತಿಂಗಳ ಮೇಲೆ ವೇಣೂರಿನಲ್ಲಿ ಅದೇ ಕೋಟಿನವರು ಬಸ್ಸಿಗೆ ಕೈ ತೋರಿಸಿದರು. ಡ್ರೈವರಿನ ಹಿಂದಿನ ಸೀಟು ಖಾಲಿಯಿತ್ತು. ಅದು ಹೆಂಗಸರಿಗೆ ಎಂದು ಹೇಳಿ ಅವರನ್ನು ಕೊನೆಯ ಸಾಲಿನಲ್ಲಿ, ಬಿಡಿ ಟಯರಿನ ಪಕ್ಕ ಕೂರಿಸಿದೆ. ಟಿಕೆಟು ಕೊಡುವಾಗ ಗುರುತು ಹಿಡಿದರು. ನಿನ್ನ ಮಾವ ಪರೀಕ್ಷೆ ಮಾಡಿಸಿದರೇ ಎಂದು ಕೇಳಿದರು. ಮಾಡಿಸಿದರು, ಏನೂ ಇಲ್ಲವಂತೆ ಎಂದೆ. ಒಳ್ಳೆಯದಾಯಿತು, ಕೆಲವೊಮ್ಮೆ ನಮ್ಮ ಊಹೆ ತಪ್ಪುವುದೇ ಸುಖ ಎಂದು ಅವರು ನಿಜವಾಗಿಯೂ ಸಂತೋಷಪಟ್ಟರು. ಮೂಡುಬಿದಿರೆಯವರೆಗೆ ಆ ಬಸ್ಸಿನ ಒಂದು ತುದಿಯಲ್ಲಿ ರೋಗ, ಇನ್ನೊಂದು ತುದಿಯಲ್ಲಿ ಅದನ್ನು ಬಲ್ಲವರು; ನಡುವೆ ನಾನು, ಅಡ್ಡ ನಿಂತು ಟಿಕೆಟು ಹರಿಯುತ್ತಿದ್ದೆ. ಡಾಕ್ಟರು ಇಳಿದು ಹೋದರು. ಮತ್ತೆಂದೂ ಆ ದಾರಿಯಲ್ಲಿ ಕಾಣಲಿಲ್ಲ.

ಮುಂದೆ ದೇರಣ್ಣನ ಹಲ್ಲುಗಳು ಒಂದೊಂದೇ ಕಿತ್ತು ಬಂದವು. ಎಳೆಯಬೇಕಾಗಿಯೂ ಇರಲಿಲ್ಲ, ಬೆರಳಲ್ಲಿ ಹಿಡಿದರೆ ಬರುತ್ತಿತ್ತು. ಮಕ್ಕಳ ಹಾಲುಹಲ್ಲು ಮನೆಯ ಮಾಡಿಗೆ ಎಸೆಯುವುದುಂಟಲ್ಲ, ಅವರು ಬಸ್ಸಿನ ಟಾಪಿಗೆ ಎಸೆದು, ಮನೆಗಿಂತ ಹೆಚ್ಚು ಇಲ್ಲೇ ಇರುವುದಲ್ಲವಾ ಎನ್ನುತ್ತಿದ್ದರು. ಪ್ರತಿ ಸಲ ನನ್ನ ನಾಲಗೆಯ ತುದಿಗೆ ಆ ಡಾಕ್ಟರು ಇದ್ದಾರೆ ಎಂಬ ಮಾತು ಬಂತು. ಬಂದು ನಿಂತಿತು. ಒಂದು ತಿಂಗಳಲ್ಲಿ ಹೇಳದ್ದನ್ನು ಎರಡನೆಯ ತಿಂಗಳಲ್ಲಿ ಹೇಳಲು ಇನ್ನಷ್ಟು ಧೈರ್ಯ ಬೇಕು. ನನ್ನಲ್ಲಿ ಇದ್ದದ್ದು ಮೊದಲ ತಿಂಗಳಿಗೇ ಸಾಲದಷ್ಟು.

ಕೊನೆಗೆ ಬ್ರೇಕಿನ ಪೆಡಲಿನ ಮೇಲೆ ರಕ್ತ ಕಂಡೆ. ಅವರ ಬಲಗಾಲಿನ ಚಪ್ಪಲಿಯ ಮೊಳೆ ಮೇಲೆದ್ದು ಇಡೀ ದಿನ ಅಂಗಾಲಿಗೆ ಚುಚ್ಚುತ್ತಿದ್ದರೂ ಅವರಿಗೆ ನೋವೇ ಗೊತ್ತಾಗಿರಲಿಲ್ಲ. ಗಾಯ ಮಾಗಲಿಲ್ಲ. ಸೊಪ್ಪು ಅರೆದು ಕಟ್ಟಿದರು, ಎಣ್ಣೆ ಹಚ್ಚಿದರು, ಪಾದ ಕಪ್ಪಾಯಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಹೆಬ್ಬೆರಳು ಮೊದಲು, ಆಮೇಲೆ ಮೊಣಕಾಲಿನ ಕೆಳಗಿನದೆಲ್ಲ.

ನೋಡಲು ಹೋಗಿದ್ದೆ. ಅಲ್ಲಿಯ ಡಾಕ್ಟರು ಮಂಚದ ಬಳಿ ನಿಂತು ಹೇಳುತ್ತಿದ್ದರು — ಸಕ್ಕರೆ ಬಹಳ ಹಿಂದಿನದು, ಈ ಬಾಯಿಯನ್ನು ಯಾರಾದರೂ ಮೊದಲೇ ನೋಡಿದ್ದರೆ ಅಲ್ಲೇ ತಿಳಿಯುತ್ತಿತ್ತು, ಬಾಯಿ ಬೇರೆ ದೇಹ ಬೇರೆ ಎಂದು ನೀವೆಲ್ಲ ಭಾವಿಸುತ್ತೀರಿ. ಮಂಚದ ಕಾಲ ಬಳಿ, ಅಂದರೆ ಕಾಲು ಇರಬೇಕಾಗಿದ್ದ ಕಡೆ, ನಾನು ನಿಂತಿದ್ದೆ. ದೇರಣ್ಣ ನನ್ನನ್ನು ನೋಡಿ ಬೊಚ್ಚುಬಾಯಿಯಲ್ಲಿ ನಕ್ಕು, ಪಕ್ಕದ ಮಂಚದವರಿಗೆಲ್ಲ ಕೇಳುವ ಹಾಗೆ ಹೇಳಿದರು.

"ಇದನ್ನೇ ನಮ್ಮ ಶೀನ ತಮಾಷೆಗೆ ಹೇಳಿದ್ದ. ಸುಮ್ಮನೆ ಕಟ್ಟಿದ್ದು ಮಾರಾಯ್ರೆ, ಆದರೆ ಒಂದಕ್ಷರ ತಪ್ಪಲಿಲ್ಲ. ಇವನ ನಾಲಗೆಯಲ್ಲಿ ಎಂಥದೋ ಉಂಟು."

ಆಗಲೂ ಹೇಳಲಿಲ್ಲ ನಾನು.

ಆ ಮಾತು ಬಸ್ಸಿಗಿಂತ ಮೊದಲು ಊರು ತಲುಪಿತು. ನಮ್ಮ ಕಡೆ ಹೀಗೆ — ಬಾಯಲ್ಲಿ ಬಂದದ್ದು ನಿಜವಾದರೆ ಅದು ಬಾಯಿಯ ಗುಣವಲ್ಲ, ಅದರ ಹಿಂದೆ ಯಾವುದೋ ದೈವ ನಿಂತಿರಬೇಕು. ಶೀನ ಯಾರನ್ನು ಮಾಡಿ ತೋರಿಸುತ್ತಾನೋ ಅವರಿಗೆ ಅದು ತಟ್ಟುತ್ತದೆ ಎಂದಾಯಿತು. ನಾನು ಹತ್ತಿರ ಬಂದರೆ ಜನ ಕೆಮ್ಮನ್ನು ನುಂಗಿಕೊಳ್ಳತೊಡಗಿದರು. ಕುಂಟುವವರು ನಾನು ನೋಡುವಾಗ ನಿಂತುಬಿಡುತ್ತಿದ್ದರು. ಮೂತ್ರಕ್ಕೆ ಟಿಕೆಟು ಹರಿ ಎಂದಿದ್ದ ಅದೇ ಬೆಳುವಾಯಿಯ ಹೆಂಗಸು ಸೆರಗಿನಲ್ಲಿ ಬಾಯಿ ಮುಚ್ಚಿ, ನಮ್ಮದು ಮಾಡಬೇಡ ಮಾರಾಯ, ನನಗೆ ಸಣ್ಣ ಮಕ್ಕಳುಂಟು ಎಂದಳು. ಬೇರೆಯವರ ಸ್ವರಗಳೆಲ್ಲ ಹೀಗೆ ಒಂದೊಂದಾಗಿ ನನ್ನಿಂದ ಇಳಿದು ಹೋದವು. ಉಳಿದದ್ದು ನನ್ನದು. ಅದನ್ನು ಕೇಳುವವರು ಯಾರೂ ಇರಲಿಲ್ಲ. ನನಗೂ ಅದರ ಪರಿಚಯ ಅಷ್ಟಕ್ಕಷ್ಟೆ.

ಬಂಟ್ವಾಳದ ಪೇಟೆಯಲ್ಲಿ ಅಕ್ಕಿ ಅಂಗಡಿಯ ಹಿಂದೆ ಒಂದು ಕೋಣೆ ನನ್ನದು. ಹೊಸ ಡ್ರೈವರು ಮಾತಿನವನಲ್ಲ. ಕೋಣೆಗೆ ಬಂದು ಕನ್ನಡಿಯ ಮುಂದೆ ನಿಂತರೆ ಒಬ್ಬನೇ ಕಾಣುತ್ತಿದ್ದ — ಎಡಗೆನ್ನೆ ಉಬ್ಬಿದವನು. ಇದನ್ನೂ ಹೇಳಬೇಕು: ದೇರಣ್ಣನ ಕೆನ್ನೆ ಸರಿಯಾಗಿ ಬರಲೆಂದು ನಾನು ಹೊಗೆಸೊಪ್ಪು ಹಾಕಲು ಕಲಿತದ್ದು. ಆಟ ಬಿಟ್ಟೆ, ಸೊಪ್ಪು ಬಿಡಲಿಲ್ಲ. ಈಗ ಒಂದು ವರ್ಷದಿಂದ ನನ್ನ ಮಾವಿನೆಲೆಯೂ ಕೆಂಪಾಗುತ್ತಿದೆ. ಕೆಳಗಿನ ಒಂದು ಹಲ್ಲು ನಾಲಗೆ ತಾಗಿದರೆ ಮಿಸುಕುತ್ತದೆ. ಗೇರುಮರದ ಬುಡಕ್ಕೆ ಹೋಗಿ ಬಂದ ಮೇಲೆ ಒಮ್ಮೆ ತಿರುಗಿ ನೋಡುತ್ತೇನೆ. ಇರುವೆ ಬಂದಿಲ್ಲ, ಇನ್ನೂ. ಅಪ್ಪನಿಗೆ, ಅಜ್ಜನಿಗೆ ಸಕ್ಕರೆ ಇತ್ತೇ ಎಂದು ಕೇಳೋಣವೆಂದರೆ ಮನೆಯೆಂಬಲ್ಲಿ ಯಾರೂ ಉಳಿದಿಲ್ಲ. ಡಾಕ್ಟರಲ್ಲಿಗೆ ಹೋಗಲಿಲ್ಲ. ಹೋಗಿ ಚಿಕಿತ್ಸೆ ಪಡೆದು ಹಲ್ಲು ಗಟ್ಟಿ ಮಾಡಿಕೊಂಡರೆ ದೇರಣ್ಣನಿಗೆ ಎರಡನೆಯ ಸಲ ಮೋಸ ಮಾಡಿದ ಹಾಗೆ ಎಂದು — ಅಥವಾ ಬರೀ ಹೆದರಿಕೆಯೋ. ಗೊತ್ತಿಲ್ಲ.

ಕಳೆದ ತಿಂಗಳು ತೋಡಾರಿಗೆ ಹೋದೆ. ಮಂಗಳೂರಿನ ರಸ್ತೆಯಿಂದ ಸ್ವಲ್ಪ ಒಳಗೆ ಅವರ ಮನೆ. ದೇರಣ್ಣ ಗೋಡೆಗೊರಗಿ, ಮಡಿಲಲ್ಲಿ ಮೊರದಂಥ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಪಕ್ಕದಲ್ಲಿ ಊರುಗೋಲು. ಹೊಗೆಸೊಪ್ಪು ಬಾಯಿಯಿಂದ ಕೈಗೆ ಇಳಿದದ್ದೊಂದೇ ಲಾಭ ಎಂದು ನಕ್ಕರು. ಕುಳಿತುಕೋ ಎಂದರು. ಹೊಸ ಆಟ ಎಂಥ ಉಂಟು ಎಂದು ಕೇಳಿದರು. ಊರಿನಲ್ಲಿ ನನ್ನ ಆಟಕ್ಕೆ ಹೆದರದೆ ಉಳಿದವರು ಅವರೊಬ್ಬರೇ.

ಹೇಳಿದೆ. ಹೋಟೆಲು, ಬೆಂಚು, ಕೋಟು, ಮಾವ ಎಂದದ್ದು, ಹೊಳೆಬದಿ, ಕೊನೆಯ ಸಾಲಿನ ಸೀಟು. ಯಾರ ಸ್ವರವನ್ನೂ ಹಾಕದೆ ಹೇಳಿದೆ. ಡಾಕ್ಟರ ಮಾತನ್ನೂ ನನ್ನ ಬಾಯಲ್ಲೇ ಹೇಳಿದೆ, ತೊದಲಿಕೊಂಡು. ಮಾತಾಡುವಾಗ ಮುಖ ಪಕ್ಕಕ್ಕೆ ತಿರುಗಿಸಿದ್ದೆನಂತೆ, ದೇರಣ್ಣ ಆಮೇಲೆ ಹೇಳಿದರು. ನನಗೆ ಗೊತ್ತಿರಲಿಲ್ಲ.

ದೇರಣ್ಣನ ಬೆರಳು ನಿಲ್ಲಲಿಲ್ಲ. ಎಲೆ ಕತ್ತರಿಸಿ, ಸೊಪ್ಪು ತುಂಬಿ, ಸುರುಳಿ ಮಾಡಿ, ನೂಲು ಸುತ್ತಿದರು. ಇನ್ನೊಂದು. ಮತ್ತೊಂದು. ಒಳಗಿನಿಂದ ಅವರ ಹೆಂಡತಿ ಬೆಲ್ಲ ನೀರು ತಂದಿಟ್ಟು, ನಮ್ಮಿಬ್ಬರ ಮುಖ ನೋಡಿ, ಮತ್ತೆ ಒಳಗೆ ಹೋದರು. ಬೈಯುತ್ತಾರೆ ಎಂದು ಕಾದೆ. ಬೈದರೆ ಒಳ್ಳೆಯದಿತ್ತು. ಕ್ಷಮಿಸಿದರೆ — ಅದನ್ನು ನಾನು ಕೇಳಲು ಹೋಗಿರಲಿಲ್ಲ, ಕೇಳುವ ಮುಖವೂ ನನ್ನದಲ್ಲ.

ಗೆರಸೆಯನ್ನು ಬದಿಗಿಟ್ಟು ಅವರು ನನ್ನ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದರು. ಬಾಯಿ ತೆರೆ ಎಂದರು. ತೆರೆದೆ. ಹೊಗೆಸೊಪ್ಪಿನ ಪುಡಿ ಅಂಟಿದ ಹೆಬ್ಬೆರಳಿನಿಂದ ಕೆಳತುಟಿ ಮಡಚಿ ವಸಡು ನೋಡಿದರು. ಬಹಳ ಹೊತ್ತು, ಇಂಜಿನಿನ ಮುಚ್ಚಳ ತೆಗೆದು ಒಳಗೆ ನೋಡುತ್ತಿದ್ದ ಹಾಗೆ. ಆಮೇಲೆ ಕೈಯನ್ನು ಪಂಚೆಗೆ ಒರೆಸಿಕೊಂಡು, ಗೆರಸೆಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು.

"ನಾಳೆಯೇ ಆಸ್ಪತ್ರೆಗೆ ಹೋಗಿ ತೋರಿಸು. ಹೋಗಲಿಕ್ಕೆ ಯಾರು ಹೇಳಿದ್ದು ಅಂತ ಕೇಳಿದ್ರೆ ನಾನೇ ಕಟ್ಟಿದ್ದು ಅನ್ನಬೇಡ ಮಾರಾಯ. ತೋಡಾರಿನಲ್ಲಿ ಒಬ್ಬ ಇದ್ದಾನೆ ಅನ್ನು, ಒಂದು ಕಾಲಿಲ್ಲ, ಆದ್ರೆ ಇದ್ದಾನೆ."